ಒನ್‌ಬೈ (ಮುಂದೆ ಒಂದೇ ರಿಂಗ್) ಮಾಡ್ಬೇಕು, ಹಿಂದಿನ ಡಿರೈಲರ್ (ಗೇರ್ ಬದಲಾಯ್ಸೋಕೆ ಚೈನ್ ಜರುಗಿಸೋ ಭಾಗ) ಯಾವ್ದು ಹಾಕ್ಲಿ? (ಹಾರ್ಡ್‌ಟೇಲ್, ಈಗ 3×9)

ಕಾಫಿತೋಟದ_ಸವಾರ

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು 27.5 ಇಂಚು ಚಕ್ರದ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್), ಈಗ 3×9, ಅಂದ್ರೆ ಮುಂದೆ ಮೂರು ರಿಂಗ್ 44-32-22 ಹಲ್ಲು, ಹಿಂದೆ ಒಂಬತ್ತು, 11ರಿಂದ 34 ಹಲ್ಲು. ಓಡ್ಸೋದು ಚಿಕ್ಕಮಗಳೂರು ಸುತ್ತಮುತ್ತ, ತೋಟದ ಮಣ್ಣು ರಸ್ತೆ, ಕೆಮ್ಮಣ್ಣುಗುಂಡಿ ಕಡೆ ಜೀಪ್ ಹೋಗೋ ಕಲ್ಲು ದಾರಿ, ಮಳೆಗಾಲದಲ್ಲಿ ಬರೀ ಕೆಸರು. ಮುಂದಿನ ಡಿರೈಲರ್ ಸಾಕಾಗೋಗಿದೆ. ಕೆಸರು ತುಂಬ್ಕೊಂಡ್ರೆ ಚಿಕ್ಕ ರಿಂಗ್‌ಗೆ ಇಳಿಯೋದೇ ಇಲ್ಲ, ಇಳಿದ್ರೆ ಚೈನು ರಿಂಗ್‌ಗೂ ಫ್ರೇಮ್‌ಗೂ ಮಧ್ಯೆ ಹೋಗಿ ಸಿಕ್ಕಾಕೊಳ್ಳುತ್ತೆ, ಏರಲ್ಲಿ ಇಳಿದು ಕೈಯೆಲ್ಲಾ ಎಣ್ಣೆ ಮಾಡ್ಕೊಂಡು ಎಳೀಬೇಕು.

ಅದಕ್ಕೆ ಮುಂದೆ ಒಂದೇ ರಿಂಗ್ ಮಾಡೋಣ ಅಂತ. ಹಿಂದಿನ ಡಿರೈಲರ್ ವಿಷ್ಯದಲ್ಲಿ ತಲೆ ಕೆಟ್ಟಿದೆ. ಶಿಮಾನೋ ಡಿಯೋರ್‌ನಲ್ಲೇ ಎಂ4120, ಎಂ5120, ಎಂ5100, ಎಂ6100 ಅಂತ ನಾಲ್ಕು ಕಾಣ್ಸುತ್ತೆ, ಅದರ ಮೇಲೆ ಶಿಮಾನೋದೇ ಕ್ಯೂಸ್ ಬೇರೆ, ಸ್ರ್ಯಾಮ್ ಎಸ್‌ಎಕ್ಸ್ ಈಗಲ್, ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್. ಬಜೆಟ್ ಡಿರೈಲರ್, ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಲಿವರ್), ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಚೈನ್, ಮುಂದಿನ ರಿಂಗ್ ಎಲ್ಲಾ ಸೇರಿ 15 ಸಾವಿರದ ಆಸುಪಾಸು. ಯಾವ್ದು ತಗೊಳ್ಳಿ?

ಮಂಡ್ಯ_29

ಎಂ6100. 12 ಸ್ಪೀಡು. ಯೋಚ್ನೆ ಮಾಡ್ಬೇಡ ಗುರು.

ಸೈಕಲ್_ರಿಪೇರಿ_ಹಾಸನ

ಮಂಡ್ಯದೋರೆ, ಹಂಗೆ ಒಂದೇ ಸಾಲಲ್ಲಿ ಹೇಳ್ಬಿಟ್ರೆ ಅವ್ರು ದುಡ್ಡು ಕೊಟ್ಟು ತಂದ್ಮೇಲೆ ಕ್ಯಾಸೆಟ್ ಕೂರಲ್ಲ. ಎಂ6100 ಜೊತೆ ಬರೋ ಕ್ಯಾಸೆಟ್ 10-51. ಸಣ್ಣ ಹಲ್ಲು 10 ಇದ್ರೆ ಹಳೇ ಎಚ್‌ಜಿ ಅಳತೆಯ ಫ್ರೀಹಬ್ (ಹಿಂದಿನ ಹಬ್‌ನಲ್ಲಿ ಕ್ಯಾಸೆಟ್ ಕೂರೋ ಭಾಗ) ಮೇಲೆ ಕೂರಲ್ಲ, ಅದಕ್ಕೆ ಮೈಕ್ರೋ ಸ್ಪ್ಲೈನ್ ಅನ್ನೋ ಹೊಸ ಥರದ ಫ್ರೀಹಬ್ಬೇ ಬೇಕು. 3×9 ಸೈಕಲ್‌ನಲ್ಲಿ ಅದು ಇರೋ ಚಾನ್ಸೇ ಇಲ್ಲ. ಫ್ರೀಹಬ್ ಬಾಡಿ ಬದಲಾಯ್ಸಕ್ಕೆ ಆ ಹಬ್ ಕಂಪನಿಯವರು ಮೈಕ್ರೋ ಸ್ಪ್ಲೈನ್ ಬಾಡಿ ಮಾಡಿರ್ಬೇಕು, ಇಲ್ಲಾಂದ್ರೆ ಹಬ್ಬೋ ವೀಲೋ ಹೊಸದು. 15 ಸಾವಿರ ಅಲ್ಲೇ ಮುಗೀತು.

ತೋಟದ ಸವಾರ್ರೆ, ಡಿರೈಲರ್‌ನ ಕೊನೇಲಿ ಆರಿಸಿ. ಮೊದ್ಲು ಹಿಂದಿನ ಹಬ್ ಯಾವ್ದು ನೋಡಿ, ಆಮೇಲೆ ಕ್ರ್ಯಾಂಕ್‌ಗೆ (ಪೆಡಲ್ ತೋಳಿಗೆ) ಎಷ್ಟು ಹಲ್ಲಿನ ರಿಂಗ್ ಕೂರುತ್ತೆ ನೋಡಿ, ಅದರ ಪ್ರಕಾರ ಕ್ಯಾಸೆಟ್, ಕ್ಯಾಸೆಟ್ ಪ್ರಕಾರ ಡಿರೈಲರ್ರು ಶಿಫ್ಟರ್ರು. ಎಲ್ಲರೂ ಉಲ್ಟಾ ಮಾಡ್ತಾರೆ, ಆಫರಲ್ಲಿ ಡಿರೈಲರ್ ಸಿಕ್ತು ಅಂತ ಅದನ್ನ ತಂದು ಅಂಗಡಿಗೆ ಬರ್ತಾರೆ. ನಿಮ್ಮ ಕ್ರ್ಯಾಂಕ್ ರಿಂಗ್‌ಗಳು ಬೋಲ್ಟ್ ಹಾಕಿರೋದಾ, ರಿವೆಟ್ ಹೊಡ್ದಿರೋದಾ? ರಿವೆಟ್ ಆದ್ರೆ ಕ್ರ್ಯಾಂಕೇ ಬದಲಾಯಿಸ್ಬೇಕಾಗುತ್ತೆ.

ಹಳೇ_ತ್ರಿಬಲ್ಲು

ನನ್ನ ಪ್ರಶ್ನೆ ಬೇರೆ. ಯಾಕೆ ಮಾಡ್ಬೇಕು ಒನ್‌ಬೈ? 44-32-22ಗೆ 11-34 ಅಂದ್ರೆ 618 ಪರ್ಸೆಂಟ್ ರೇಂಜು (ಅತಿ ಹಗುರ ಗೇರ್‌ಗೂ ಅತಿ ಗಟ್ಟಿ ಗೇರ್‌ಗೂ ಇರೋ ಅಂತರ). ಇವತ್ತಿನ ದುಬಾರಿ 10-52 ಕ್ಯಾಸೆಟ್‌ನಲ್ಲೂ 520 ಅಷ್ಟೇ. ಮುಂದಿನ ಡಿರೈಲರ್‌ಗೆ ಕೇಬಲ್ಲು ಔಟರ್ರು ಹೊಸದು ಹಾಕಿ ಲಿಮಿಟ್ ಸ್ಕ್ರೂ ಸರಿಯಾಗಿ ಬಿಗಿದ್ರೆ ಐನೂರು ರೂಪಾಯಲ್ಲಿ ಕೆಲಸ ಮುಗಿಯುತ್ತೆ. ಘಾಟಿ ಮೇಲಿಂದ ಕೆಳಗೆ ಟಾರ್ ರೋಡಲ್ಲಿ ಬರ್ಬೇಕಾದ್ರೆ 44-11 ಇದ್ದವನಿಗೇ ಗೊತ್ತು ಅದರ ಸುಖ.

ಹಲ್ಲುಲೆಕ್ಕ

ತ್ರಿಬಲ್ಲು ಸರ್, 618 ಅನ್ನೋದು ಸರಿ, ಆದ್ರೆ ಆ ರೇಂಜ್ ಎಲ್ಲಿ ಹೋಗುತ್ತೆ ಅಂತ ನೋಡಿ. ನಾನು ಲೆಕ್ಕ ಹಾಕಿ ಹೇಳ್ತೀನಿ.

ಈಗ ಅವರ ಅತಿ ಹಗುರ ಗೇರ್ 22ಕ್ಕೆ 34, ಅಂದ್ರೆ 0.647. ಮುಂದೆ 30 ಹಾಕಿ ಹಿಂದೆ 46 ಇಟ್ರೆ 0.652. ಹೆಚ್ಚುಕಮ್ಮಿ ಒಂದೇ! ಮುಂದೆ 32 ಹಾಕಿ ಹಿಂದೆ 46 ಅಂದ್ರೆ 0.696, ಸ್ವಲ್ಪ ಗಟ್ಟಿ. 32ಕ್ಕೆ 51 ಇಟ್ರೆ 0.627, ಈಗಿರೋದಕ್ಕಿಂತ್ಲೂ ಹಗುರ. ಅಂದ್ರೆ ಏರಿಗೆ ಬೇಕಾದ ಗೇರ್ ಒನ್‌ಬೈನಲ್ಲಿ ಒಂದು ಚೂರೂ ಕಳೆಯಲ್ಲ, ಕಳೆಯೋದೆಲ್ಲ ಮೇಲಿನ ತುದೀಲಿ. ನಿಮಿಷಕ್ಕೆ 80 ಸುತ್ತು ತುಳಿದ್ರೆ 44-11ರಲ್ಲಿ ಸುಮಾರು 42 ಕಿಮೀ ಸ್ಪೀಡು, 32-11ರಲ್ಲಿ ಸುಮಾರು 31. ಇಳಿಜಾರಲ್ಲಿ 31 ದಾಟಿದ್ಮೇಲೆ ತುಳಿಯೋದು ಬಿಟ್ಟು ಪೆಡಲ್ ಮೇಲೆ ನಿಂತ್ಕೊಳ್ಳೋದೇ ತಾನೆ? ಮಣ್ಣು ದಾರೀಲಿ ಅದಕ್ಕಿಂತ ಜೋರು ಯಾರು ತುಳೀತಾರೆ.

ಮತ್ತೆ ಆ 27 ಗೇರಲ್ಲಿ ಎಷ್ಟೋ ಕಾಂಬಿನೇಷನ್ ಒಂದೇ ಥರ ಇರುತ್ತೆ. 22-13, 44-26 ಎರಡೂ ಒಂದೇ ಗೇರು, 1.69.

ಹಳೇ_ತ್ರಿಬಲ್ಲು

ನಿಮ್ಮ ಲೆಕ್ಕ ಸರಿ, ಆದ್ರೆ ಎಲ್ಲರೂ ಬರೀ ಟ್ರೇಲಲ್ಲೇ ಓಡ್ಸಲ್ಲ. ನಾನು ಅದೇ ಸೈಕಲಲ್ಲಿ ಊರಿಂದ ಊರಿಗೆ ಹೋಗ್ತೀನಿ, ಹಾಸನ ರೋಡಲ್ಲಿ 31ಕ್ಕೆ ಗೇರ್ ಖಾಲಿ ಆದ್ರೆ ನಂಗೆ ಆಗಲ್ಲ. ಅವರ ಉಪಯೋಗ ಏನು ಅಂತ ಕೇಳದೆ ಎಲ್ಲರಿಗೂ ಒನ್‌ಬೈ ಅನ್ನೋದು ತಪ್ಪು.

ಕಾಫಿತೋಟದ_ಸವಾರ

ತ್ರಿಬಲ್ಲು ಸರ್, ಟಾರ್ ರೋಡು ನಂಗೆ ಟ್ರೇಲ್ ಮುಟ್ಟೋ ತನಕ ಮಾತ್ರ. 44ರ ರಿಂಗ್ ಮುಟ್ಟೋದೇ ಅಪರೂಪ, ಅದು ಕಲ್ಲಿಗೆ ತಾಗಿ ತಾಗಿ ಎರಡು ಹಲ್ಲು ಮುರಿದೇ ಹೋಗಿವೆ.

ಹಾಸನದ ಅಣ್ಣ, ಈಗ ನೋಡ್ದೆ. ಬೋಲ್ಟ್ ಇದೆ, ನಾಲ್ಕು ಬೋಲ್ಟು. ಎದುರುಬದುರು ಬೋಲ್ಟ್ ಮಧ್ಯೆ ಅಳೆದ್ರೆ 104 ಮಿಮೀ ಬರುತ್ತೆ. ಹಿಂದಿನ ಹಬ್ ಎಚ್‌ಜಿ, 9 ಸ್ಪೀಡ್ ಕ್ಯಾಸೆಟ್, ಲಾಕ್‌ರಿಂಗ್ ಇದೆ.

ಸೈಕಲ್_ರಿಪೇರಿ_ಹಾಸನ

ಬಹಳ ಒಳ್ಳೇದು. 104 ಬಿಸಿಡಿ (ಬೋಲ್ಟ್ ವೃತ್ತದ ಅಡ್ಡಳತೆ) ಅಂದ್ರೆ ನ್ಯಾರೋ-ವೈಡ್ ರಿಂಗ್ (ಒಂದು ಹಲ್ಲು ಸಣ್ಣ, ಒಂದು ಅಗಲ, ಚೈನ್ ಬೀಳದ ಹಾಗೆ) ಎಲ್ಲಾ ಕಡೆ ಸಿಗುತ್ತೆ. ಮಧ್ಯದ ರಿಂಗ್ ಜಾಗದಲ್ಲಿ ಕೂರ್ಸಿ, ಚೈನ್‌ಲೈನ್ (ಚೈನ್ ಹೋಗೋ ನೇರ) ಸರಿಯಾಗುತ್ತೆ. ಬೋಲ್ಟ್ ಮಾತ್ರ ಸಿಂಗಲ್ ರಿಂಗ್‌ದು ಗಿಡ್ಡ ಬೋಲ್ಟ್ ತಗೊಳ್ಳಿ, ಹಳೇದು ಉದ್ದ ಇರುತ್ತೆ, ಬಿಗಿ ಆಗಲ್ಲ.

ಆದ್ರೆ 104ರಲ್ಲಿ ಸಾಮಾನ್ಯವಾಗಿ ಕೂರೋ ಚಿಕ್ಕ ರಿಂಗು 32. 30 ಕೂಡ ಬರುತ್ತೆ, ಅದು ಬೇರೆ ಥರ ಮಾಡಿರ್ತಾರೆ, ರಿಂಗ್‌ನಲ್ಲೇ ಥ್ರೆಡ್ ಇರುತ್ತೆ. ನಿಮ್ಮ ಊರಲ್ಲಿ ಸಿಗೋದು ಕಷ್ಟ, ಆನ್‌ಲೈನ್ ಹುಡುಕ್ಬೇಕು. ಸೋ ಎರಡು ದಾರಿ. 30 ಸಿಕ್ರೆ 11-46, 10 ಸ್ಪೀಡು, ಡಿರೈಲರ್ ಎಂ5120. 32ರಲ್ಲೇ ಇರೋದಾದ್ರೆ 11-51, 11 ಸ್ಪೀಡು, ಡಿರೈಲರ್ ಎಂ5100. ಎರಡೂ ಕ್ಯಾಸೆಟ್ ನಿಮ್ಮ ಈಗಿನ 9 ಸ್ಪೀಡ್ ಎಚ್‌ಜಿ ಫ್ರೀಹಬ್ ಮೇಲೇ ಕೂರುತ್ತೆ, ಹಬ್ ಮುಟ್ಟೋ ಹಂಗಿಲ್ಲ.

ಲೈಟ್‌ವೇಟ್

ಯಾಕೆ ಇಷ್ಟೆಲ್ಲ? 9 ಸ್ಪೀಡ್ ಶಿಫ್ಟರ್ ಹಂಗೇ ಇಟ್ಕೊಂಡು 12 ಸ್ಪೀಡ್ ಡಿಯೋರ್ ಡಿರೈಲರ್ ಮಾತ್ರ ಹಾಕಿದ್ರೆ ದೊಡ್ಡ ಕ್ಯಾಸೆಟ್ ಮುಟ್ಟುತ್ತಲ್ಲ. ಶಿಫ್ಟರ್ ದುಡ್ಡು ಉಳಿಯುತ್ತೆ.

ಹಲ್ಲುಲೆಕ್ಕ

ಮುಟ್ಟುತ್ತೆ, ಆದ್ರೆ ಇಂಡೆಕ್ಸ್ ಆಗಲ್ಲ, ಅಂದ್ರೆ ಒಂದು ಕ್ಲಿಕ್‌ಗೆ ಸರಿಯಾಗಿ ಒಂದು ಗೇರ್ ಬೀಳಲ್ಲ. ಶಿಫ್ಟರ್ ಒಂದು ಕ್ಲಿಕ್‌ಗೆ ಎಷ್ಟು ಕೇಬಲ್ ಎಳೆಯುತ್ತೆ, ಡಿರೈಲರ್ ಆ ಎಳೆತಕ್ಕೆ ಎಷ್ಟು ಜರುಗುತ್ತೆ ಅನ್ನೋದು ತಲೆಮಾರಿಗೊಂದು ಥರ. ಶಿಮಾನೋ 7, 8, 9 ಸ್ಪೀಡ್ ಡಿರೈಲರ್ 1 ಮಿಮೀ ಕೇಬಲ್‌ಗೆ ಸುಮಾರು 1.7 ಮಿಮೀ ಜರುಗುತ್ತೆ. 10 ಸ್ಪೀಡ್ ಮೌಂಟನ್ ಡಿರೈಲರ್ ಸುಮಾರು 1.2, 11-12 ಸ್ಪೀಡ್ ಸುಮಾರು 1.1. ನಿಮ್ಮ 9 ಸ್ಪೀಡ್ ಶಿಫ್ಟರ್ ಕ್ಲಿಕ್‌ಗೆ ಎಳೆಯೋದು ಹತ್ರಹತ್ರ ಎರಡೂವರೆ ಮಿಮೀ. ಅದು 12 ಸ್ಪೀಡ್ ಡಿರೈಲರ್‌ನ ಮೂರು ಮಿಮೀ ಕೂಡ ಜರುಗಿಸಲ್ಲ, 9 ಸ್ಪೀಡ್ ಹಲ್ಲುಗಳ ಮಧ್ಯೆ ದೂರ ನಾಲ್ಕು ಮಿಮೀಗಿಂತ ಜಾಸ್ತಿ. ಒಂದು ಕ್ಲಿಕ್‌ಗೆ ಅರ್ಧ ಗೇರ್ ಬೀಳುತ್ತೆ.

ಸ್ರ್ಯಾಮ್ ಶಿಫ್ಟರ್‌ಗೆ ಶಿಮಾನೋ ಡಿರೈಲರ್ ಹಾಕಿದ್ರೂ ಇದೇ ಗೋಳು. ಮೈಕ್ರೋಶಿಫ್ಟ್ ಅಡ್ವೆಂಟ್ ಎಕ್ಸ್ ಕೂಡ ಅದರದೇ ಶಿಫ್ಟರ್ ಜೊತೇಲೇ. ಕ್ಯೂಸ್ ಅಂತೂ ಪೂರ್ತಿ ಬೇರೆ ಮನೆ. ಡಿರೈಲರ್ರು ಶಿಫ್ಟರ್ರು ಜೋಡಿಯಾಗೇ ತಗೋಬೇಕು.

ಲೈಟ್‌ವೇಟ್

ಮತ್ತೆ ಎಂ5120 ಡಬ್ಬದ ಮೇಲೆ 10/11 ಸ್ಪೀಡ್ ಅಂತ ಎರಡೂ ಬರ್ದಿರ್ತಾರಲ್ಲ?

ಹಲ್ಲುಲೆಕ್ಕ

ಅದು ಕಂಪನಿಯವರೇ ಎರಡಕ್ಕೂ ಹೊಂದೋ ಹಾಗೆ ಮಾಡಿರೋದು, 10ಕ್ಕೂ 11ಕ್ಕೂ ವ್ಯತ್ಯಾಸ ಅಷ್ಟು ಕಮ್ಮಿ. 9ರಿಂದ 10ಕ್ಕೆ ಜಿಗಿದಾಗ ಇರೋ ವ್ಯತ್ಯಾಸ ದೊಡ್ಡದು.

ಅವಲಹಳ್ಳಿ_ಟ್ರೇಲ್

ಒಂದು ಮುಖ್ಯ ವಿಷ್ಯ ಯಾರೂ ಹೇಳ್ಲಿಲ್ಲ, ಕ್ಲಚ್ಚು. ಎಂ4120, ಎಂ5120 ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ, ಎರಡೂ ಶ್ಯಾಡೋ (ಚಕ್ರದಿಂದ ಹೆಚ್ಚು ಹೊರಗೆ ಚಾಚದ ಡಿಸೈನು), ಎರಡೂ ಉದ್ದ ಕೇಜು (ಚೈನ್ ಎಳೆದು ಹಿಡಿಯೋ ತೋಳು). ಆದ್ರೆ 5120ರಲ್ಲಿ ಕ್ಲಚ್ ಇದೆ, 4120ರಲ್ಲಿ ಇಲ್ಲ. ಅಂಗಡೀಲಿ "ಎರಡೂ ಡಿಯೋರ್ರೇ ಸರ್" ಅಂತ 4120 ಕೊಟ್ಬಿಡ್ತಾರೆ. ಬಾಡಿ ಮೇಲೆ ಆನ್-ಆಫ್ ಮಾಡೋ ಚಿಕ್ಕ ಲಿವರ್ ಇದೆಯಾ ನೋಡಿ, ಅದಿದ್ರೆ ಕ್ಲಚ್ ಇರೋದು. ಶಿಮಾನೋದಲ್ಲಿ ಅದಕ್ಕೆ ಶ್ಯಾಡೋ ಪ್ಲಸ್ ಅಂತಾರೆ.

ಒನ್‌ಬೈಗೆ ಕ್ಲಚ್ ಇಲ್ಲದ ಡಿರೈಲರ್ ಹಾಕ್ಲೇಬೇಡಿ. ಮುಂದಿನ ಡಿರೈಲರ್ ಇದ್ದಾಗ ಅದರ ಕೇಜೇ ಚೈನ್ ಬೀಳದ ಹಾಗೆ ತಡೀತಿತ್ತು. ಅದನ್ನ ಕಿತ್ತಾಕಿದ್ಮೇಲೆ ತಡೆಯೋಕೆ ಇರೋದು ಎರಡೇ: ನ್ಯಾರೋ-ವೈಡ್ ಹಲ್ಲು, ಹಿಂದಿನ ಕ್ಲಚ್ಚು. ಸ್ರ್ಯಾಮ್‌ನವರು 2012ರಲ್ಲಿ ಎಕ್ಸ್‌ಎಕ್ಸ್1 ತಂದಾಗ ಒನ್‌ಬೈ ನಿಂತಿದ್ದೇ ಈ ಎರಡರ ಮೇಲೆ.

ಮಂಡ್ಯ_29

ಕ್ಲಚ್ ಇಲ್ಲದೇನೂ ನಡೆಯುತ್ತೆ. ನ್ಯಾರೋ-ವೈಡ್ ಇದ್ರೆ ಸಾಕು. ನನ್ನ ಫ್ರೆಂಡು ಹಂಗೇ ಓಡಿಸ್ತಾನೆ, ಬಿದ್ದೇ ಇಲ್ಲ.

ಅವಲಹಳ್ಳಿ_ಟ್ರೇಲ್

ಎಲ್ಲಿ ಓಡಿಸ್ತಾರೆ ಅವ್ರು?

ಮಂಡ್ಯ_29

ಕಾಲುವೆ ಏರಿ ಮೇಲೆ, ಹೊಲದ ದಾರಿ.

ಅವಲಹಳ್ಳಿ_ಟ್ರೇಲ್

ಅಲ್ಲಿ ಬೀಳಲ್ಲ, ಒಪ್ತೀನಿ. ಕಲ್ಲಿನ ಇಳಿಜಾರಲ್ಲಿ ಜೋರಾಗಿ ಇಳೀರಿ ನೋಡೋಣ. ಸಣ್ಣ ಹಲ್ಲಿನ ಮೇಲೆ ಚೈನ್ ಇದ್ದಾಗ ಕೆಳಗಡೆ ಚೈನ್ ಸಡಿಲ ಇರುತ್ತೆ, ಪ್ರತಿ ಗುಂಡಿಗೂ ಕೇಜ್ ಮುಂದಕ್ಕೆ ಜೋಲಿ ಹೊಡೆದು ಚೈನು ಫ್ರೇಮ್‌ಗೆ ಬಡಿಯುತ್ತೆ, ಆ ಅಲೆ ಮುಂದಿನ ರಿಂಗ್ ತನಕ ಹೋಗಿ ಚೈನ್ ಎತ್ತಿಬಿಡುತ್ತೆ. ಕ್ಲಚ್ ಮಾಡೋದು ಇಷ್ಟೇ, ಕೇಜ್ ಮುಂದಕ್ಕೆ ಹೋಗೋದನ್ನ ಒಂದು ಘರ್ಷಣೆಯಿಂದ ಹಿಡಿಯುತ್ತೆ, ಹಿಂದಕ್ಕೆ ಬರೋದಕ್ಕೆ ಅಡ್ಡ ಬರಲ್ಲ. ಫ್ರೇಮ್‌ಗೆ ಬಡಿಯೋ ಆ ಟಕಟಕ ಸದ್ದೂ ಹೋಗುತ್ತೆ.

ಧಾರವಾಡ_ಪೆಡಲ್

ನಮ್ಮ ಕಡಿ ಮಾತ ಬ್ಯಾರೆ ಐತ್ರಿ. ಸಂಡೂರ ಗುಡ್ಡದಾಗ ಓಡಸ್ತೇವಿ, ಕೆಂಪ ಧೂಳ ಅಂದ್ರ ಹಿಟ್ಟಿನಂಗ ಸಣ್ಣ. ಆ ಧೂಳ ಕ್ಲಚ್ಚಿನ ಒಳಗ ಹೊಕ್ಕು ಒಂದ ಸೀಸನ್ ಆದ ಮ್ಯಾಲ ಕ್ಲಚ್ ಒಮ್ಮೆ ಬಿಗಿ ಒಮ್ಮೆ ಸಡಿಲ ಆಗತೈತಿ, ಶಿಫ್ಟ್ ಮಾಡೂದಕ್ಕ ಹೆಬ್ಬೆರಳ ನೋಯ್ತದ. ಅದಕ್ಕ ಕ್ಲಚ್ ಇರೂದು ತಗೊಂಡ್ರ ಅದರ ಸರ್ವಿಸೂ ಕಲೀರಿ. ಶಿಮಾನೋದಾಗ ಕವರ್ ತಗದು, ಒಳಗಿನ ಹೊಲಸ ಒರಸಿ, ಗ್ರೀಸ್ ಹಚ್ಚಿ, ಬಿಗಿ ಎಷ್ಟ ಬೇಕೋ ಅಷ್ಟ ಮಾಡ್ಕೋಬಹುದು. ಅದ ನನಗ ಶಿಮಾನೋ ಸೇರಾಕ ಕಾರಣ. ಸ್ರ್ಯಾಮದಾಗ ಹಂಗ ಬಿಗಿ-ಸಡಿಲ ಮಾಡ್ಕೋಳೂ ಲಿವರ್ ಇಲ್ಲ, ಗಾಲಿ ತಗಿಯೂಮುಂದ ಕೇಜ್ ಮುಂದ ದೂಡಿ ಲಾಕ್ ಮಾಡೂ ಗುಂಡಿ ಮಾತ್ರ ಐತಿ. ಅದೂ ಚಲೋನ ಐತಿ, ಗಾಲಿ ತಗಿಯಾಕ ಅದ ಹಗುರ.

ಸೈಕಲ್_ರಿಪೇರಿ_ಹಾಸನ

ಧಾರವಾಡದೋರು ಹೇಳಿದ್ದು ನೂರಕ್ಕೆ ನೂರು. ಮಲ್ನಾಡಲ್ಲಿ ಧೂಳಿನ ಬದ್ಲು ನೀರು. ಮಳೆಗಾಲ ಮುಗಿದ್ಮೇಲೆ ಕ್ಲಚ್ ಕವರ್ ಬಿಚ್ಚಿ ನೋಡಿದ್ರೆ ಒಳಗೆ ತುಕ್ಕು ಹಿಡಿದ ಕೆಂಪು ನೀರು ಬರುತ್ತೆ. ಪ್ರೆಶರ್ ವಾಷರ್‌ನ ಡಿರೈಲರ್ ಹತ್ರ ಹಿಡೀಲೇಬೇಡಿ. ಬೈಕ್ ತೊಳೆಯೋ ಜಾಗದಲ್ಲಿ ಸೈಕಲ್ ಕೊಟ್ರೆ ಅವ್ರು ಗುರಿ ಇಟ್ಟು ಅಲ್ಲಿಗೇ ಹೊಡೀತಾರೆ.

ಕಾಫಿತೋಟದ_ಸವಾರ

ಕ್ಲಚ್ ಆನ್ ಇದ್ರೆ ಶಿಫ್ಟಿಂಗ್ ಗಟ್ಟಿ ಆಗುತ್ತೆ ಅಂತಾರಲ್ಲ, ನಿಜಾನಾ? ಏರಲ್ಲಿ ಆಫ್ ಮಾಡ್ಕೊಂಡು ಇಳಿಜಾರಲ್ಲಿ ಆನ್ ಮಾಡ್ಬೇಕಾ?

ಅವಲಹಳ್ಳಿ_ಟ್ರೇಲ್

ಸ್ವಲ್ಪ ಗಟ್ಟಿ ಅನ್ಸುತ್ತೆ, ದೊಡ್ಡ ಹಲ್ಲಿಗೆ ಹತ್ತಿಸೋವಾಗ. ಎರಡು ರೈಡಲ್ಲಿ ಅಭ್ಯಾಸ ಆಗುತ್ತೆ. ಆಫ್ ಮಾಡ್ಬೇಕಾಗಿರೋದು ಹಿಂದಿನ ವೀಲ್ ತೆಗೆಯೋವಾಗ ಮಾತ್ರ. ಆಮೇಲೆ ಆನ್ ಮಾಡೋಕೆ ಮರೀಬೇಡಿ, ಎಷ್ಟೋ ಜನ ಆಫಲ್ಲೇ ಓಡಿಸ್ಕೊಂಡು ಚೈನ್ ಬೀಳ್ತಿದೆ ಅಂತ ದೂರ್ತಾ ಇರ್ತಾರೆ.

ದುಬೈ_ಕುಡ್ಲ

ನಾನು ಇಲ್ಲಿ ಹತ್ತಾ ಗುಡ್ಡದ ಟ್ರೇಲಲ್ಲಿ ಓಡಿಸೋದು ಮಾರಾಯ್ರೆ, ಒಣ ಕಲ್ಲು, ಚೂಪು ಚೂಪು. ಇಲ್ಲಿ ಡಿರೈಲರ್ ಆಯ್ಕೆ ಮಾಡುವಾಗ ನಾನು ನೋಡುವುದು ಅದು ಎಷ್ಟು ಕೆಳಗೆ ನೇತಾಡ್ತದೆ ಅಂತ. 51 ಹಲ್ಲಿನ ಕ್ಯಾಸೆಟ್‌ಗೆ ಉದ್ದ ಕೇಜ್ ಬೇಕೇ ಬೇಕು, ಉದ್ದ ಕೇಜ್ ಅಂದ್ರೆ ಕಲ್ಲಿಗೆ ಹತ್ತಿರ. 27.5 ವೀಲಲ್ಲಿ ಇನ್ನೂ ಹತ್ತಿರ, 29ರಲ್ಲಿ ಅಷ್ಟು ತೊಂದರೆ ಇಲ್ಲ. ಅವರ ಸೈಕಲ್ 27.5 ಅಲ್ವಾ, ಹಾಗಾಗಿ 46ರಲ್ಲೇ ಕೆಲಸ ಆಗುವುದಾದ್ರೆ 46 ಒಳ್ಳೇದು ಅಂತ ನನ್ನ ಅಭಿಪ್ರಾಯ.

ಹಲ್ಲುಲೆಕ್ಕ

ಉದ್ದ ಕೇಜ್ ಬಗ್ಗೆ ಒಂದು ಮಾತು. ಎರಡು ಬೇರೆ ಬೇರೆ ಸಂಖ್ಯೆ ಇದೆ, ಜನ ಗೊಂದಲ ಮಾಡ್ಕೊಳ್ತಾರೆ. ಒಂದು, ಡಿರೈಲರ್ ಹತ್ತಬಹುದಾದ ಅತಿ ದೊಡ್ಡ ಹಲ್ಲು. ಇನ್ನೊಂದು ಕೆಪ್ಯಾಸಿಟಿ, ಅಂದ್ರೆ ಎಷ್ಟು ಸಡಿಲ ಚೈನನ್ನ ಕೇಜ್ ಎಳ್ಕೊಳ್ಳುತ್ತೆ ಅನ್ನೋದು. ಒನ್‌ಬೈನಲ್ಲಿ ಕೆಪ್ಯಾಸಿಟಿ ಲೆಕ್ಕ ಸುಲಭ, ದೊಡ್ಡ ಹಲ್ಲಲ್ಲಿ ಸಣ್ಣ ಹಲ್ಲು ಕಳೆದ್ರೆ ಆಯ್ತು. 11-46ಕ್ಕೆ 35, 11-51ಕ್ಕೆ 40. ತ್ರಿಬಲ್‌ನಲ್ಲಿ ಮುಂದಿನ ರಿಂಗ್‌ಗಳ ವ್ಯತ್ಯಾಸಾನೂ ಸೇರುತ್ತೆ, ಇವರ ಈಗಿನ ಸೆಟಪ್‌ಗೆ 22 ಕೂಡಿಸು 23, ಒಟ್ಟು 45.

ಅಂದ್ರೆ ಇವರ ಹಳೇ 9 ಸ್ಪೀಡ್ ಡಿರೈಲರ್‌ನ ಕೆಪ್ಯಾಸಿಟಿ ಬೇಕಾದಷ್ಟಿದೆ! ಆದ್ರೂ ಅದು 46ಕ್ಕೆ ಹತ್ತಲ್ಲ, ಕೇಜ್‌ನ ಮೇಲಿನ ಪುಲ್ಲಿ (ಚೈನ್ ಹಾಯೋ ಸಣ್ಣ ಚಕ್ರ) ದೊಡ್ಡ ಹಲ್ಲಿಗೆ ಹೋಗಿ ತಗಲುತ್ತೆ, ಅದರ ಓರೆ ಅಷ್ಟು ದೊಡ್ಡ ಕ್ಯಾಸೆಟ್‌ಗೆ ಮಾಡಿದ್ದಲ್ಲ.

ಲೈಟ್‌ವೇಟ್

ಅದಕ್ಕೇ ಹ್ಯಾಂಗರ್ (ಡಿರೈಲರ್‌ನ ಫ್ರೇಮ್‌ಗೆ ಕೂರ್ಸೋ ಕೊಂಡಿ) ಎಕ್ಸ್‌ಟೆಂಡರ್ ಸಿಗುತ್ತಲ್ಲ, ಮುನ್ನೂರು ರೂಪಾಯಿಗೆ. ಹಾಕಿದ್ರೆ ಹಳೇ ಡಿರೈಲರ್ರೇ ದೊಡ್ಡ ಹಲ್ಲಿಗೆ ಹೋಗುತ್ತೆ.

ಸೈಕಲ್_ರಿಪೇರಿ_ಹಾಸನ

ಹೋಗುತ್ತೆ. ಆದ್ರೆ ಡಿರೈಲರ್ ಕೆಳಕ್ಕೆ ಇಳಿಯೋದ್ರಿಂದ ಸಣ್ಣ ಹಲ್ಲುಗಳಿಂದ ಪುಲ್ಲಿ ದೂರ ಆಗುತ್ತೆ, ಅಲ್ಲಿ ಶಿಫ್ಟಿಂಗ್ ಸೋಮಾರಿ. ದುಬೈಯವರು ಹೇಳಿದ ಹಾಗೆ ಕಲ್ಲಿಗೂ ಹತ್ರ. ಮತ್ತೆ ಕ್ಲಚ್ ಬರಲ್ಲವಲ್ಲ. ಊರಲ್ಲಿ ಕಾಲೇಜಿಗೆ ಹೋಗೋ ಹುಡುಗರಿಗೆ ನಾನೇ ಹಾಕ್ಕೊಡ್ತೀನಿ, ಟ್ರೇಲ್ ಓಡಿಸೋರಿಗೆ ಬೇಡ ಅಂತೀನಿ.

ಗೇರ್‌ಬಾಕ್ಸ್_ಪುತ್ತೂರು

ಸ್ರ್ಯಾಮ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಎಸ್‌ಎಕ್ಸ್, ಎನ್‌ಎಕ್ಸ್ ಈಗಲ್ ಎರಡೂ 12 ಸ್ಪೀಡ್, ಎರಡಕ್ಕೂ 11-50 ಕ್ಯಾಸೆಟ್ ಎಚ್‌ಜಿ ಹಬ್ ಮೇಲೆ ಕೂರ್ತದೆ. ಸ್ರ್ಯಾಮ್‌ನದ್ದೇ ಎಕ್ಸ್‌ಡಿ ಅನ್ನುವ ಬೇರೆ ಥರದ ಹಬ್ ಬೇಡ. ಹೊಸ ಹಬ್ ಇಲ್ಲದೆ 12 ಗೇರ್ ಬೇಕಾದ್ರೆ ಅದೊಂದು ದಾರಿ.

ಅವಲಹಳ್ಳಿ_ಟ್ರೇಲ್

ದಾರಿ ಹೌದು, ಆದ್ರೆ ಈಗಲ್ ಡಿರೈಲರ್‌ಗೆ ಬಿ-ಸ್ಕ್ರೂ (ಪುಲ್ಲಿಗೂ ಹಲ್ಲಿಗೂ ಮಧ್ಯದ ಗ್ಯಾಪ್ ಹೊಂದಿಸೋ ಸ್ಕ್ರೂ) ಸೆಟ್ಟಿಂಗ್ ಬಹಳ ಸೂಕ್ಷ್ಮ. ಅದು ಹೆಚ್ಚುಕಮ್ಮಿ ಅಡ್ಡಡ್ಡ ಜರುಗೋ ಡಿಸೈನು, ದೊಡ್ಡ ಹಲ್ಲಿಗೆ ಹೋಗುವಾಗ ಪುಲ್ಲಿ ಕೆಳಗಿಳಿಯೋದು ಕೇಜ್ ತಿರುಗೋದ್ರಿಂದ. ಹಾಗಾಗಿ ಚೈನ್ ಉದ್ದ, ಬಿ-ಸ್ಕ್ರೂ ಗ್ಯಾಪ್ ಎರಡೂ ಕರೆಕ್ಟಾಗಿರ್ಬೇಕು. ಅದಕ್ಕೆ ಅಂತಾನೇ ಪ್ಲಾಸ್ಟಿಕ್ ಗೇಜ್ ಕೊಡ್ತಾರೆ, ಅದನ್ನ ಬಳಸಿ ಸೆಟ್ ಮಾಡಿದ್ರೆ ಬೆಣ್ಣೆ ಥರ ಹೋಗುತ್ತೆ. ಕಣ್ಣಂದಾಜಲ್ಲಿ ಮಾಡಿದ್ರೆ ವರ್ಷಪೂರ್ತಿ ಗಲಾಟೆ.

ಗೇರ್‌ಬಾಕ್ಸ್_ಪುತ್ತೂರು

ಶಿಮಾನೋಗೂ ಬಿ-ಸ್ಕ್ರೂ ಸರಿಯಾಗೇ ಇರ್ಬೇಕಲ್ಲ, ಅದೇನು ಸ್ರ್ಯಾಮ್‌ಗೆ ಮಾತ್ರ ಅಲ್ಲ. ಎಂ6100ರ ಕೇಜ್ ಒಳಗೆ ಗೆರೆನೇ ಹಾಕಿ ಕೊಟ್ಟಿದ್ದಾರೆ, ದೊಡ್ಡ ಹಲ್ಲಿಗೆ ಚೈನ್ ಹಾಕಿ ಆ ಗೆರೆಗೆ ಹಲ್ಲಿನ ತುದಿ ಹೊಂದಿಸ್ಲಿಕ್ಕೆ ಅಂತ. ಯಾವುದೇ ಆದ್ರೂ ಮ್ಯಾನುಯಲ್ ಓದಿ ಸೆಟ್ ಮಾಡ್ಬೇಕು. ಸ್ರ್ಯಾಮ್ ಬೇಡ ಅನ್ಲಿಕ್ಕೆ ಅದು ಕಾರಣ ಅಲ್ಲ.

ಅವಲಹಳ್ಳಿ_ಟ್ರೇಲ್

ಬೇಡ ಅಂದಿಲ್ಲ ನಾನು. ಚಿಕ್ಕಮಗಳೂರಲ್ಲಿ ಅದನ್ನ ಸೆಟ್ ಮಾಡಿಕೊಡೋರು ಯಾರು ಅಂತ ಅಷ್ಟೇ. ಸ್ವಂತ ಮಾಡ್ಕೊಳ್ಳೋ ಹಾಗಿದ್ರೆ ತಗೊಳ್ಲಿ.

ಬಿಎಸ್ಕೆ_ಪ್ರೀತಂಸ್ಕ್ರೂ

ಅಡ್ವೆಂಟ್ ಎಕ್ಸ್‌ಗೆ ನನ್ನ ವೋಟು. ತೈವಾನ್ ಕಂಪನಿ, 10 ಸ್ಪೀಡ್, 11-48, ಎಚ್‌ಜಿ ಹಬ್, ಕ್ಲಚ್ ಇದೆ ಮತ್ತೆ ಆನ್-ಆಫ್ ಸ್ವಿಚ್ಚೂ ಇದೆ. ಹಲ್ಲುಗಳ ಜಿಗಿತ ಕೂಡ ಶಿಮಾನೋದ 10 ಸ್ಪೀಡ್ ಎಂ4100 ಕ್ಯಾಸೆಟ್‌ಗಿಂತ ಚೆನ್ನಾಗಿದೆ. ಶಿಮಾನೋ 11-46ರಲ್ಲಿ ಕೊನೇ ಜಿಗಿತ 37ರಿಂದ 46ಕ್ಕೆ, ಏರಲ್ಲಿ ಅಲ್ಲಿಗೆ ಹೋದಾಗ ಕಾಲು ಗಾಳೀಲಿ ತಿರುಗಿದ ಹಾಗಾಗುತ್ತೆ. ಅಡ್ವೆಂಟ್ ಎಕ್ಸ್‌ನಲ್ಲಿ 40ರಿಂದ 48.

ಹಲ್ಲುಲೆಕ್ಕ

ಇದು ಒಳ್ಳೇ ಪಾಯಿಂಟು. 37-46 ಅಂದ್ರೆ 24 ಪರ್ಸೆಂಟ್ ಜಿಗಿತ, 40-48 ಅಂದ್ರೆ 20. ಆದ್ರೆ ಎಂ5100ರ 11-51 ನೋಡಿ: 33, 39, 45, 51. ಕೊನೇ ಜಿಗಿತ 13 ಪರ್ಸೆಂಟು. ಏರು ಜಾಸ್ತಿ ಇರೋ ಊರಲ್ಲಿ ಕೊನೇ ಮೂರ್ನಾಲ್ಕು ಹಲ್ಲಲ್ಲೇ ಜೀವನ ಕಳೆಯೋದು, ಅಲ್ಲಿ ಮೆಟ್ಟಿಲು ಹತ್ರಹತ್ರ ಇರ್ಬೇಕು. ನಾನು ಆಗ್ಲೇ 30ಕ್ಕೆ 46 ಸಾಕು ಅನ್ನೋ ಥರ ಲೆಕ್ಕ ಕೊಟ್ಟೆ, ಗೇರ್ ತುದಿಗಳು ಸಾಕು ನಿಜ, ಆದ್ರೆ ಮಧ್ಯದ ಮೆಟ್ಟಿಲು ನೋಡಿದ್ರೆ ಇವರ ಊರಿಗೆ 11-51ನೇ ಸರಿ.

ದುಬೈ_ಕುಡ್ಲ

ಕಲ್ಲಿಗೆ ತಾಗುವ ವಿಷಯ?

ಹಲ್ಲುಲೆಕ್ಕ

ಅದು ಇದ್ದೇ ಇರುತ್ತೆ ಸರ್. ಆದ್ರೆ ಎಂ5120 ಕೂಡ ಉದ್ದ ಕೇಜೇ, ಶಿಮಾನೋ ಭಾಷೇಲಿ ಎಸ್‌ಜಿಎಸ್. 46ಕ್ಕೆ ಗಿಡ್ಡ ಕೇಜ್ ಸಿಗೋ ಹಾಗಿದ್ರೆ ನಿಮ್ಮ ಮಾತಿಗೆ ತೂಕ ಜಾಸ್ತಿ ಇರ್ತಿತ್ತು.

ಧಾರವಾಡ_ಪೆಡಲ್

ಕ್ಯೂಸ್ ಬಗ್ಗೆ ಯಾರರ ಹೇಳ್ರಿ. 2023ರಾಗ ಬಂದೈತಿ, ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್ಟಿನ ಹಲ್ಲ ದಪ್ಪ ಅದಾವು, ಹಳೇ ಹೈಪರ್‌ಗ್ಲೈಡ್ (ಎಚ್‌ಜಿ) ಹಲ್ಲಿಗಿಂತ ಮೂರ ಪಟ್ಟ ಬಾಳಕಿ ಬರ್ತಾವ ಅಂತ ಶಿಮಾನೋದವರ ಹೇಳ್ಯಾರ. ನಮ್ಮ ಧೂಳಿಗೆ ಬಾಳಿಕೀನ ಮುಖ್ಯ ನೋಡ್ರಿ.

ಸೈಕಲ್_ರಿಪೇರಿ_ಹಾಸನ

ಒಳ್ಳೇ ಸಾಮಾನು. 9, 10, 11 ಸ್ಪೀಡ್ ಮೂರಕ್ಕೂ ಒಂದೇ ಥರ ಕೇಬಲ್ ಎಳೆತ, ಒಂದೇ ಥರ ಚೈನು, ಎಚ್‌ಜಿ ಹಬ್ ಮೇಲೆ ಕೂರುತ್ತೆ. 11 ಸ್ಪೀಡಲ್ಲಿ 11-50 ಇದೆ. ರಿಪೇರಿ ಮಾಡೋ ನಮ್ಮಂತೋರಿಗೆ ಇದು ಸುಖ. ತೂಕ ಮಾತ್ರ ಜಾಸ್ತಿ, ಮತ್ತೆ ಎಲ್ಲಾ ಕ್ಯೂಸೇ ಹಾಕ್ಬೇಕು, ಡಿಯೋರ್ ಜೊತೆ ಕಲಸೋ ಹಾಗಿಲ್ಲ. ಡಿರೈಲರ್ ತಗೊಳ್ಳುವಾಗ ಕ್ಲಚ್ ಇರೋದೇ ಕೇಳಿ ತಗೊಳ್ಳಿ, ಕ್ಯೂಸ್‌ನಲ್ಲಿ ಇಲ್ಲದ್ದೂ ಇದೆ. ಇನ್ನೊಂದು ವಿಷ್ಯ, ಕ್ಯಾಸೆಟ್ ಮುಂದಿನ ವರ್ಷ ಬೇಕಾದಾಗ ನಿಮ್ಮೂರಲ್ಲಿ ಸಿಗುತ್ತಾ ಅಂತ ಈಗ್ಲೇ ಫೋನ್ ಮಾಡಿ ವಿಚಾರಿಸಿ. ಯಾವ ಬ್ರ್ಯಾಂಡ್ ಆದ್ರೂ ಸರಿ, ನಂಗೆ ಇದೇ ಮೊದಲ ಪ್ರಶ್ನೆ.

ಮಂಡ್ಯ_29

ಎಲ್ಲಾ ಬಿಟ್ಟು ವೈರ್‌ಲೆಸ್ ತಗೊಳ್ಳಿ, ಕೇಬಲ್ ತಲೆನೋವೇ ಇಲ್ಲ.

ಗೇರ್‌ಬಾಕ್ಸ್_ಪುತ್ತೂರು

15 ಸಾವಿರ ಅಂತ ಮೇಲೆ ಬರ್ದಿದ್ದಾರೆ. ಮತ್ತೆ ಸ್ರ್ಯಾಮ್‌ನ ಟ್ರಾನ್ಸ್‌ಮಿಷನ್ ಅನ್ನುವ ಹೊಸ ವೈರ್‌ಲೆಸ್ ಸೆಟ್‌ಗೆ ಯುಡಿಎಚ್ (ಎಲ್ಲ ಬ್ರ್ಯಾಂಡ್‌ಗೂ ಒಂದೇ ಥರದ ಹ್ಯಾಂಗರ್) ಅಳತೆಯ ಫ್ರೇಮ್ ಬೇಕು, ಹ್ಯಾಂಗರ್ ಇಲ್ಲದೆ ಸೀದಾ ಫ್ರೇಮ್‌ಗೇ ಕೂರುವ ಡಿರೈಲರ್ ಅದು. ಇವರ ಫ್ರೇಮ್‌ಗೆ ಬರುವುದೇ ಇಲ್ಲ.

ಕಾಫಿತೋಟದ_ಸವಾರ

ಎಲ್ಲರಿಗೂ ಬಹಳ ಥ್ಯಾಂಕ್ಸ್, ಇಷ್ಟು ವಿವರ ಎಲ್ಲೂ ಸಿಕ್ಕಿರ್ಲಿಲ್ಲ. 32ರ ನ್ಯಾರೋ-ವೈಡ್, ಎಂ5100 ಡಿರೈಲರ್, ಅದರದೇ 11 ಸ್ಪೀಡ್ ಶಿಫ್ಟರ್, 11-51 ಅಂತ ತೀರ್ಮಾನ ಮಾಡಿದೀನಿ. ಬಜೆಟ್ ಸ್ವಲ್ಪ ಮೀರುತ್ತೆ, ಪರವಾಗಿಲ್ಲ. ಚೈನ್ ಎಷ್ಟು ಲಿಂಕ್ ಇಡ್ಬೇಕು? ಹಳೇ ಚೈನ್ ಅಳತೆಗೇ ಕತ್ತರಿಸ್ಲಾ?

ಸೈಕಲ್_ರಿಪೇರಿ_ಹಾಸನ

ಅಯ್ಯೋ ಬೇಡ! ಹಳೇ ಅಳತೆ 44ಕ್ಕೆ 34ರ ಲೆಕ್ಕದ್ದು, ಇದು 32ಕ್ಕೆ 51. ಡಿರೈಲರ್ ಒಳಗೆ ತೂರಿಸದೆ ಚೈನನ್ನ ಮುಂದಿನ ರಿಂಗ್ ಮೇಲೆ, ಹಿಂದೆ 51ರ ಹಲ್ಲಿನ ಮೇಲೆ ಸುತ್ತಿ, ಎರಡು ತುದಿ ಸೇರೋ ಜಾಗ ನೋಡಿ, ಅದಕ್ಕಿಂತ ಎಷ್ಟು ಲಿಂಕ್ ಜಾಸ್ತಿ ಬಿಡ್ಬೇಕು ಅಂತ ಡಿರೈಲರ್ ಜೊತೆ ಬರೋ ಮ್ಯಾನುಯಲ್‌ನಲ್ಲಿ ಇರುತ್ತೆ, ಅಷ್ಟು ಬಿಟ್ಟು ಕತ್ತರಿಸಿ. ಗಿಡ್ಡ ಆದ್ರೆ 51ಕ್ಕೆ ಹಾಕಿದ ತಕ್ಷಣ ಡಿರೈಲರ್ರೂ ಹ್ಯಾಂಗರ್ರೂ ಕಿತ್ಕೊಂಡು ಬರುತ್ತೆ. ಓದೋರಲ್ಲಿ ಫುಲ್ ಸಸ್ಪೆನ್ಷನ್ ಇರೋರು ಯಾರಾದ್ರೂ ಇದ್ರೆ, ಹಿಂದಿನ ಶಾಕ್‌ನ ಗಾಳಿ ಬಿಟ್ಟು ಪೂರ್ತಿ ಒತ್ತಿ ಅಳೀಬೇಕು, ಒತ್ತಿದಾಗ ಹಬ್ಬಿಗೂ ಕ್ರ್ಯಾಂಕಿಗೂ ದೂರ ಜಾಸ್ತಿ ಆಗುತ್ತೆ.

ಇನ್ನೊಂದು, ಡಿರೈಲರ್ ಹಾಕೋಕೆ ಮುಂಚೆ ಹ್ಯಾಂಗರ್ ನೆಟ್ಟಗಿದೆಯಾ ಅಂತ ಗೇಜ್ ಇಟ್ಟು ನೋಡಿಸಿ. 9 ಸ್ಪೀಡ್‌ನಲ್ಲಿ ಸ್ವಲ್ಪ ಸೊಟ್ಟ ಇದ್ರೂ ನಡ್ಕೊಂಡು ಹೋಗಿರುತ್ತೆ, 11 ಸ್ಪೀಡ್‌ನಲ್ಲಿ ನಡೆಯಲ್ಲ. ನನ್ನ ಹತ್ರ ಶಿಫ್ಟಿಂಗ್ ಸರಿ ಇಲ್ಲ ಅಂತ ಬರೋ ಸೈಕಲ್‌ಗಳಲ್ಲಿ ಡಿರೈಲರ್ ತಪ್ಪು ಇರೋದು ಕಮ್ಮಿ, ಹ್ಯಾಂಗರ್ ಬಾಗಿರೋದೇ ಜಾಸ್ತಿ. ಅದೇ ಫ್ರೇಮ್‌ಗೆ ಸರಿಯಾದ ಹ್ಯಾಂಗರ್ ಒಂದು ಎಕ್ಸ್‌ಟ್ರಾ ತಗೊಂಡು ಬ್ಯಾಗಲ್ಲಿ ಇಟ್ಕೊಳ್ಳಿ. ಬಿಚ್ಚಿ ಫೋಟೋ ತೆಗೆದು ಅಳತೆ ಸಮೇತ ಹುಡುಕಿ, ಫ್ರೇಮ್ ಹೆಸರು ನೋಡಿ ತರ್ಸಿದ್ರೆ ಬೇರೇನೇ ಬರೋ ಚಾನ್ಸ್ ಇದೆ.

ಹಳೇ_ತ್ರಿಬಲ್ಲು

ಹ್ಯಾಂಗರ್ ಬಗ್ಗೆ ಹೇಳಿದ್ದು ತ್ರಿಬಲ್‌ಗೂ ಅನ್ವಯ. ಮತ್ತೆ ತೆಗೆದ ಮುಂದಿನ ಡಿರೈಲರ್ರು ಶಿಫ್ಟರ್ರು ಬಿಸಾಕ್ಬೇಡಿ, ನಂಗೆ ಬೇಕು, ಕೊರಿಯರ್ ದುಡ್ಡು ನಾನೇ ಕೊಡ್ತೀನಿ.

ಕಾಫಿತೋಟದ_ಸವಾರ

ಖಂಡಿತ ಸರ್, ಮೆಸೇಜ್ ಮಾಡಿ.

ಧಾರವಾಡ_ಪೆಡಲ್

ಮುಳ್ಳಯ್ಯನಗಿರಿ ಕಡಿ ಬರೂ ಪ್ಲಾನ್ ಐತ್ರಿ ನಮ್ಮದ, ವೀಕೆಂಡ್ ಸೈಕಲ್ ಬಿಡ್ತಾರೇನು?

ಕಾಫಿತೋಟದ_ಸವಾರ

ವೀಕೆಂಡ್ ಬರ್ಲೇಬೇಡಿ, ಕಾರು ಸಾಲು ನಿಂತಿರುತ್ತೆ, ಹೊಗೆ ಕುಡ್ಕೊಂಡು ಏರ್ಬೇಕು. ವಾರದ ಮಧ್ಯೆ ಬೆಳಗಿನ ಜಾವ ಬನ್ನಿ. ಕಾಡಿನೊಳಗಿನ ದಾರಿಗಳಿಗೆ ಮಾತ್ರ ಫಾರೆಸ್ಟ್‌ನವರ ಹತ್ರ ಮೊದ್ಲೇ ಕೇಳ್ಕೊಳ್ಳಿ, ಕೇಳದೆ ನುಗ್ಗಿದ್ರೆ ನಾಳೆ ನಮಗೂ ಬಾಗಿಲು ಹಾಕ್ತಾರೆ.

ಹೊಸಬ_ತಿಪಟೂರು

ಮಧ್ಯೆ ಬಂದಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ. ನಂದು 3×7, ಹೊಸದು ತಗೊಂಡಿದ್ದು. ನಾನೂ ಎಂ5100 ಹಾಕ್ಬಹುದಾ?

ಸೈಕಲ್_ರಿಪೇರಿ_ಹಾಸನ

ತಮ್ಮಾ, ಮೊದ್ಲು ಹಿಂದಿನ ಚಕ್ರ ತೆಗೆದು ಕೈಯಲ್ಲಿ ಹಲ್ಲುಗಳನ್ನ ಹಿಮ್ಮುಖ ತಿರುಗಿಸಿ ನೋಡು. ಟೂಲ್ ಕೂರೋ ಗೀರುಗಳಿರೋ ರಿಂಗು ಹಲ್ಲುಗಳ ಜೊತೇಲೇ ತಿರುಗಿದ್ರೆ ಕ್ಯಾಸೆಟ್ಟು. ಹಲ್ಲು ತಿರುಗಿ ಆ ಗೀರಿನ ಭಾಗ ನಿಂತಲ್ಲೇ ನಿಂತ್ರೆ ಅದು ಥ್ರೆಡ್ ಹಾಕಿದ ಫ್ರೀವೀಲು. 7 ಸ್ಪೀಡಲ್ಲಿ ಹೆಚ್ಚಿನಂಶ ಫ್ರೀವೀಲೇ ಇರುತ್ತೆ. ಹಾಗಿದ್ರೆ 11-51 ಕೂರಲ್ಲ, ಎಚ್‌ಜಿ ಫ್ರೀಹಬ್ ಇರೋ ಹಿಂದಿನ ವೀಲ್ ಮೊದ್ಲು ಬೇಕು. ನೋಡಿ ಫೋಟೋ ಹಾಕು, ಆಮೇಲೆ ಹೇಳ್ತೀನಿ.